ಯಾರ ಬೆಳಿಗ್ಗೆ

ಆ ಮನೆಯಲ್ಲಿ ಬೆಳಿಗ್ಗೆ ಅಂದರೆ ಕೆಲಸ ಮುಗಿಯುವ ಹೊತ್ತು. ಅಕ್ಕ, ತಮ್ಮ ಇಬ್ಬರೂ ಬೇಕರಿಯಲ್ಲಿ ರಾತ್ರಿ ಪಾಳಿಯವರು. ಊರು ಏಳುವ ಮುಂಚೆ ಬ್ರೆಡ್ ತಯಾರಿರಬೇಕು. ಊರು ಎದ್ದ ಮೇಲೆ ಇವರು ಮಲಗಬೇಕು. ಇವರಿಗಿಂತ ಮುಂಚೆ ಇವರ ಅಮ್ಮ ಅದೇ ಬೇಕರಿಯಲ್ಲಿ, ಅದೇ ಪಾಳಿಯಲ್ಲಿ, ಮಂಡಿ ಸವೆಯುವ ತನಕ ನಿಂತಿದ್ದಳು. ಹಾಗಾಗಿ ಮಕ್ಕಳಿಬ್ಬರೂ ಮಾತು ಕಲಿತದ್ದೇ ತಲೆಕೆಳಗಾದ ಗಡಿಯಾರದ ಕೆಳಗೆ. ಬ್ರೆಡ್ ಬೇಯುವ ಭಟ್ಟಿಯ ಬಾಯಿಯ ಬಳಿಯಿಂದ ತಮ್ಮ "ಬೆಳಗಾಯ್ತಾ ಅಕ್ಕಾ?" ಎಂದು ಕೂಗಿದರೆ ಅವನು ಸೂರ್ಯನನ್ನು ವಿಚಾರಿಸುತ್ತಿದ್ದಾನೆ ಎಂದಲ್ಲ. ನಿನ್ನ ಮೇಜಿನ ಮೇಲಿನ ಹಿಟ್ಟು ಮುಗಿಯಿತೇ ಎಂದು ಕೇಳುತ್ತಿದ್ದಾನೆ. ಇನ್ನು ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಾಸಿಗೆ ಬಿಡುವುದಕ್ಕೆ ಅವರಲ್ಲಿ ಪ್ರತ್ಯೇಕ ಹೆಸರಿರಲಿಲ್ಲ. 'ಎದ್ದಾಗ' ಎನ್ನುತ್ತಿದ್ದರು, ಅಷ್ಟೇ.

ಅಕ್ಕನ ಕೆಲಸ ಭಟ್ಟಿಯ ಎದುರಿನ ಉದ್ದ ಮೇಜಿನಲ್ಲಿ. ಬೇಕರಿಯಲ್ಲಿ ಎಲ್ಲರಿಗೂ ಅವಳು ಅಕ್ಕನೇ; ಅವಳಿಗಿಂತ ಎಷ್ಟೋ ದೊಡ್ಡವನಾದ ಯಜಮಾನನಿಗೂ. ಉಬ್ಬಿದ ಹಿಟ್ಟನ್ನು ತುಂಡು ಮಾಡಿ, ಉಂಡೆ ಕಟ್ಟಿ, ಆಕಾರ ಕೊಟ್ಟು ಟ್ರೇಗೆ ಏರಿಸುವುದು. ಉಳಿದ ಬ್ರೆಡ್ಡುಗಳನ್ನು ಯಾರು ಬೇಕಾದರೂ ಮಾಡಬಹುದಿತ್ತು. ಜಡೆ ಬ್ರೆಡ್ ಮಾತ್ರ ಅವಳದು. ಹಿಟ್ಟನ್ನು ಆರು ಎಳೆಯಾಗಿ ಹೊಸೆದು, ಒಂದರ ಮೇಲೆ, ಇನ್ನೊಂದರ ಕೆಳಗೆ ದಾಟಿಸಿ ಹೆಣೆಯಬೇಕು. ಬಿಗಿ ಹೆಚ್ಚಾದರೆ ಭಟ್ಟಿಯಲ್ಲಿ ಸೀಳುತ್ತದೆ, ಕಡಿಮೆಯಾದರೆ ಚಪ್ಪಟೆಯಾಗಿ ಹರಡುತ್ತದೆ. ಎಷ್ಟು ಬಿಗಿ ಎಂಬುದು ಅವಳ ಬೆರಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ರೈಲು ನಿಲ್ದಾಣದ ಎದುರಿನ ಹೋಟೆಲಿನವರು ಬೇಕರಿಗೆ ಬರುತ್ತಿದ್ದುದೇ ಆ ಜಡೆಗಾಗಿ.

"ಎರಡು ಜಡೆ ಒಂದ್ಕಡೆ ಸೇರಲ್ಲ ಅಂತಾರೆ," ಎಂದು ಅವಳು ತಮ್ಮನ ಹೆಂಡತಿಗೆ ಹೇಳಿದ್ದಳು, ಆಕೆ ಮದುವೆಯಾಗಿ ಬಂದ ಹೊಸತರಲ್ಲಿ. "ನಾನು ದಿನಾ ಆರಾರು ಸೇರಿಸ್ತೀನಿ. ನೀನೇನೂ ಹೆದರ್ಕೋಬೇಡ."

"ಅವು ಹಿಟ್ಟಿನ ಜಡೆ ಅತ್ತಿಗೆ, ಮಾತಾಡಲ್ಲ," ಎಂದಿದ್ದಳು ಆಕೆ.

ತಮ್ಮನ ಹೆಂಡತಿ ಹಗಲಿನವಳು. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಅವಳಿಗೆ ಕೆಲಸ. ಗಂಡ ಬರುವಾಗ ಅವಳು ಹೊರಡುತ್ತಿದ್ದಳು. ಆ ಮನೆಯ ಹಾಸಿಗೆ ತಣ್ಣಗಾಗುವುದೇ ಇಲ್ಲ ಎಂದು ಅಮ್ಮ ನೆರೆಯವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ತೊಂದರೆ ಶುರುವಾದದ್ದು ಕೈಯಿಂದಲ್ಲ, ಚಪ್ಪಲಿಯಿಂದ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಪಾದದ ಮುಂಭಾಗದಲ್ಲಿ ಕಲ್ಲು ಸಿಕ್ಕಿಕೊಂಡಂತೆ ಆಗುತ್ತಿತ್ತು. ಅಕ್ಕ ಗೋಡೆ ಹಿಡಿದು ನಿಂತು ಚಪ್ಪಲಿ ಕಳಚಿ ಕೊಡವುತ್ತಿದ್ದಳು. ಏನೂ ಬೀಳುತ್ತಿರಲಿಲ್ಲ. ಮತ್ತೆ ಮೆಟ್ಟಿದರೆ ಕಲ್ಲು ಮತ್ತೆ ಅಲ್ಲೇ. ಆಮೇಲೆ ಬೆರಳುಗಳು. ಎದ್ದಾಗ ಅವು ಯಾರದೋ ಬೆರಳುಗಳನ್ನು ಅಂಟಿಸಿದಂತಿರುತ್ತಿದ್ದವು. ಗೆಣ್ಣುಗಳ ನಡುವಿನ ಗುಳಿಗಳು ತುಂಬಿಕೊಂಡವು. ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತೆಗೆಯಲು ಬಾಯಿಯನ್ನೇ ಬಳಸುವುದು ಅಭ್ಯಾಸವಾಯಿತು. ಬೇಕರಿಗೆ ಹೋಗಿ ಬೆಚ್ಚಗಿನ ಹಿಟ್ಟಿಗೆ ಕೈ ಹಾಕಿ ಸ್ವಲ್ಪ ಹೊತ್ತಾದ ಮೇಲೆ ಒಂದೊಂದೇ ಬೆರಳು ಬಿಟ್ಟುಕೊಳ್ಳುತ್ತಿತ್ತು. ತಮ್ಮ "ಬೆಳಗಾಯ್ತಾ?" ಎಂದು ಕೇಳುವ ಹೊತ್ತಿಗೆ ಅವು ಅವಳವೇ ಆಗಿರುತ್ತಿದ್ದವು.

"ವಾತ ಕಣೇ," ಎಂದಳು ಅಮ್ಮ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಮುಂದಕ್ಕೆ ಎತ್ತಿ, ಹಿಡಿದು, ಇಳಿಸುತ್ತಿದ್ದಳು. ಅದು ಅವಳ ಮಂಡಿಗೆ ಹೇಳಿಕೊಟ್ಟ ವ್ಯಾಯಾಮ. ಇಳಿಸುವಾಗೆಲ್ಲ ಮಂಡಿ ಕರಕರ ಎನ್ನುತ್ತಿತ್ತು. "ನಿಂತಿದ್ದು ನಿಂತಿದ್ದು ನಂಗೆ ಮಂಡಿಗೆ ಬಂತು. ನಾದಿ ನಾದಿ ನಿಂಗೆ ಕೈಗೆ ಬಂತು. ಯಾವುದನ್ನ ಜಾಸ್ತಿ ಉಪಯೋಗಿಸ್ತೀವೋ ಅಲ್ಲಿಗೆ ಬರತ್ತೆ."

"ಹಂಗಾದ್ರೆ ನಿಂಗೆ ಬಾಯಿಗೆ ಬರಬೇಕಿತ್ತು," ಎಂದ ತಮ್ಮ, ಹಾಸಿಗೆಯಿಂದಲೇ.

ಯಜಮಾನನೂ ವಾತ ಎಂದೇ ಹೇಳಿದ. ಅವನ ಎಡಗಾಲಿನ ಹೆಬ್ಬೆರಳು ಆಗಾಗ ರಾತ್ರೋರಾತ್ರಿ ಕೆಂಪಗೆ ಊದಿಕೊಂಡು, ಮೇಲೆ ಹೊದಿಕೆ ತಾಗಿದರೂ ಅವನು ಹಲ್ಲು ಕಚ್ಚುವಂತಾಗುತ್ತಿತ್ತು. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಕೀಲಿನಲ್ಲಿ ಹರಳುಗಟ್ಟಿದೆ, ಮಾಂಸ, ಬಿಯರು ಕಡಿಮೆ ಮಾಡಿ, ಮಾತ್ರೆ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಅವನಿಗೆ ಅದರಲ್ಲಿ ಹಿಡಿಸಿದ್ದು ಹರಳು ಎಂಬ ಮಾತೊಂದೇ.

"ನನ್ನ ಕಾಲಲ್ಲಿ ಹರಳಿದೆ ಅಕ್ಕ, ಗೊತ್ತಾ."

"ತೆಗೆಸಿ ಉಂಗುರಕ್ಕೆ ಹಾಕಿಸ್ಕೊಳ್ಳಿ ಯಜಮಾನ್ರೇ."

ಹೀಗೆ ಮೂರು ಬೇರೆ ಬೇರೆ ಕಾಯಿಲೆಗಳು ಒಂದೇ ಹೆಸರಿನ ಕೆಳಗೆ ಸಂಸಾರ ಮಾಡುತ್ತಿದ್ದವು.

ಅಕ್ಕ ಡಾಕ್ಟರ ಬಳಿ ಹೋದದ್ದು ಪಾಳಿ ಮುಗಿಸಿ, ಉಗುರಿನ ಸಂದಿಯ ಹಿಟ್ಟನ್ನೂ ತೆಗೆಯದೆ. ಕ್ಲಿನಿಕ್ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಸರದಿ ಇರುವುದಿಲ್ಲ ಎಂದು ಅಮ್ಮನೂ ಜೊತೆಗೆ ಬಂದಿದ್ದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕೈಗಳನ್ನು ಮಗುಚಿ ನೋಡಿದರು.

"ಏನು ಕೆಲಸ ಮಾಡ್ತೀರ?"

"ಬೇಕರೀಲಿ. ಹಿಟ್ಟಿನ ಕೆಲಸ."

"ಬೆಳಿಗ್ಗೆ ಹೊತ್ತು ಕೈ ಬಿಗಿಯಾಗಿರತ್ತಾ? ಮುಷ್ಟಿ ಕಟ್ಟೋಕೆ ಕಷ್ಟ ಆಗತ್ತಾ?"

"ಬೆಳಿಗ್ಗೆನಾ?" ಅಕ್ಕ ಯೋಚಿಸಿದಳು. ಸುಳ್ಳು ಹೇಳುವ ಸ್ವಭಾವ ಅವಳದಲ್ಲ. "ಇಲ್ಲ ಡಾಕ್ಟ್ರೇ. ಬೆಳಿಗ್ಗೆ ಹೊತ್ತಿಗೆ ಚೆನ್ನಾಗಿರತ್ತೆ. ನೋಡಿ." ಮುಷ್ಟಿ ಕಟ್ಟಿ, ಬಿಚ್ಚಿ ತೋರಿಸಿದಳು.

"ಮತ್ತೆ ಯಾವಾಗ ಜಾಸ್ತಿ?"

"ಸಾಯಂಕಾಲದ ಕಡೆ."

"ನಮ್ಮನೇಲಿ ಇದು ಇರೋದೇ," ಎಂದಳು ಅಮ್ಮ, ಸೀರೆಯ ಮೇಲಿಂದಲೇ ಮಂಡಿ ಹಿಡಿದು ಕರಕರ ಕೇಳಿಸುತ್ತಾ. "ನಂದು ಕೇಳಿ. ಸವೆದಿದೆ ಅಂದಿದಾರೆ."

ಬೇಕರಿ ಎಂದಾಗ ಡಾಕ್ಟರ ಮನಸ್ಸಿಗೆ ಬಂದದ್ದು ಗಾಜಿನ ಕಪಾಟು, ಕೌಂಟರು, ಹಗಲು. ಬೆಳಿಗ್ಗೆ ಸಲೀಸು, ದಿನವಿಡೀ ದುಡಿದ ಮೇಲೆ ಸಂಜೆಗೆ ನೋವು, ತಾಯಿಗೂ ಇದೆ. ಬಳಸಿದಷ್ಟೂ ನೋಯುವುದು, ವಿಶ್ರಾಂತಿಗೆ ಇಳಿಯುವುದು ಸವೆತದ ಲಕ್ಷಣ. ಗೆಣ್ಣಿನ ದಪ್ಪವನ್ನು ಅವರು ನಾದುವ ಕೈಯ ದಪ್ಪ ಎಂದುಕೊಂಡರು. ಹಚ್ಚಲು ಮುಲಾಮು, ನೋವಿಗೆ ಮಾತ್ರೆ, ಕೈಗೆ ಆದಷ್ಟು ಬಿಡುವು. ಕಡಿಮೆಯಾಗದಿದ್ದರೆ ಮತ್ತೆ ಬನ್ನಿ ಎಂದರು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ," ಎಂದಳು ಅಮ್ಮ ಹೊರಗೆ ಬರುತ್ತಾ. "ನಾನು ಹೇಳಿರ್ಲಿಲ್ವಾ?"

ಅಕ್ಕ ಕೈಗೆ ಬಿಡುವು ಕೊಟ್ಟಳು. ನಾದುವುದನ್ನು ಪೂರ್ತಿ ಯಂತ್ರಕ್ಕೆ ಬಿಟ್ಟಳು. ಎದ್ದ ಮೇಲೆ ಏನನ್ನೂ ಎತ್ತದೆ, ಹಿಂಡದೆ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು, ಯಾರದೋ ಸಾಮಾನು ಕಾಯುವವಳಂತೆ. ಅಮ್ಮನ ಮುಲಾಮು, ಅವಳ ಮುಲಾಮು ಎಂಬ ಭೇದ ಉಳಿಯಲಿಲ್ಲ. ಮನೆಯ ಬಾಗಿಲಿನ ಹಿಡಿಗಳೆಲ್ಲ ಜಾರತೊಡಗಿದವು. ಕೈ ಮಾತ್ರ ಬಗ್ಗಲಿಲ್ಲ. ಅದರ ಜೊತೆಗೆ ಒಂದು ಥರದ ಸುಸ್ತು ಬಂತು, ನಿದ್ದೆಯಿಂದ ಹೋಗದ ಸುಸ್ತು. ಸಣ್ಣಗೆ ಜ್ವರ ಬಂದಂತೆ ಮೈ ಬೆಚ್ಚಗಿರುತ್ತಿತ್ತು. ಹಿಟ್ಟಿನ ಮುಂದೆ ಬೆರಳು ಬಿಟ್ಟುಕೊಳ್ಳುವುದು ದಿನದಿನಕ್ಕೂ ತಡವಾಯಿತು. ಜಡೆ ಬ್ರೆಡ್ ಪಾಳಿಯ ಮೊದಲ ಕೆಲಸ. ಅದನ್ನು ಮುಂಚೆ ಹೆಣೆದಿಟ್ಟು, ನಿಧಾನವಾಗಿ ಉಬ್ಬಲು ಬಿಡುವುದು ಅಲ್ಲಿನ ಪದ್ಧತಿ. ಅಂದರೆ ಅವಳ ಕೈ ಅತಿ ಕೆಟ್ಟದಾಗಿರುವ ಹೊತ್ತಿಗೆ ಅತಿ ಕಷ್ಟದ ಕೆಲಸ. ಎಳೆಗಳು ಸಡಿಲವಾದವು. ಜಡೆಗಳು ಭಟ್ಟಿಯಿಂದ ನಿದ್ದೆಗಣ್ಣಲ್ಲಿ ಎದ್ದವರ ಜಡೆಗಳಂತೆ ಹೊರಬಂದವು. ಹೋಟೆಲಿನವರು ಒಂದು ಟ್ರೇ ಹಿಂದಕ್ಕೆ ಕಳಿಸಿದರು.

ಯಜಮಾನ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಹಗಲು ಕೌಂಟರಿಗೆ ಬಾ ಅಕ್ಕ. ಕೂತು ಮಾಡೋ ಕೆಲಸ. ಕವರಿಗೆ ಹಾಕಿ ಕೊಡೋದು. ಜಡೆ ಹೆಣೆಯೋರನ್ನ ಬೇರೆ ಕಡೆಯಿಂದ ಕರೆಸ್ತೀನಿ."

"ಸ್ವಲ್ಪ ದಿನ ನೋಡಣ ಯಜಮಾನ್ರೇ."

"ಈ ತಿಂಗಳು ನೋಡಣ," ಎಂದ ಅವನು.

ಅವಳು ಬೇರೆ ಯಾವ ಕೆಲಸವನ್ನೂ ಕಲಿತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬೇರೆ ಯಾವ ಕೆಲಸದಲ್ಲೂ ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂಬಂತಿರಲಿಲ್ಲ. ಮೇಜು ಹೋದರೆ ಅವಳು ಬರೀ ಅಕ್ಕನಾಗಿ ಉಳಿಯುತ್ತಿದ್ದಳು, ಯಾರ ಮನೆಯಲ್ಲೂ ಇರುವಂಥ ಒಬ್ಬ ಅಕ್ಕ.

ಆ ತಿಂಗಳಲ್ಲೇ ಒಂದು ಮಧ್ಯಾಹ್ನ ಅವಳು ಬಚ್ಚಲಲ್ಲಿ ಸಿಕ್ಕಿಕೊಂಡಳು. ತಮ್ಮನ ಹೆಂಡತಿಗೆ ಅಂದು ವಾರದ ರಜೆ.

"ಅತ್ತಿಗೆ, ಒಳಗೇನ್ ಮಾಡ್ತಿದೀರ ಇಷ್ಟೊತ್ತು?"

"ಕೂತಿದೀನಿ."

"ಹುಷಾರಿದೀರಾ?"

"ಹುಷಾರಿದೀನಿ. ಚಿಲಕ ತೆಗೆಯೋಕಾಗ್ತಿಲ್ಲ."

"ಕಚ್ಕೊಂಡಿದ್ಯಾ?"

"ಚಿಲಕ ಸರಿಯಾಗಿದೆ ಕಣೇ. ಬೆರಳು ಕಚ್ಕೊಂಡಿದೆ."

ಒಳಕೋಣೆಯಲ್ಲಿ ತಮ್ಮ ಗೊರಕೆ ಹೊಡೆಯುತ್ತಿದ್ದ. ಕುರ್ಚಿಯಿಂದ ಅಮ್ಮ, "ಬಾಗಿಲು ಗೀಗಿಲು ಒಡೆದೀರಿ, ಹೊಸದಾಗಿ ಬಣ್ಣ ಬಳಿಸಿದೀವಿ," ಎಂದಳು. ತಮ್ಮನ ಹೆಂಡತಿ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಳು. ಒಳಗೆ ನೀರು ಬೀಳುವ ಸದ್ದಾಯಿತು.

"ಏನದು?"

"ಬಿಸಿನೀರು. ಬಕೆಟ್ಟಲ್ಲಿ ಕೈ ಇಟ್ಕೊಂಡು ಕೂತ್ರೆ ಆಮೇಲೆ ಬಿಡತ್ತೆ. ನೀನು ಹೋಗು, ನಿನ್ನ ರಜೆ ಯಾಕೆ ಹಾಳು ಮಾಡ್ಕೋತೀಯ."

ಆಕೆ ಹೋಗಲಿಲ್ಲ. ಅಮ್ಮ ಬಟಾಣಿ ಸುಲಿಯಲು ಶುರುಮಾಡಿ, ಸುಲಿದು ಮುಗಿಸಿ, ಸಿಪ್ಪೆ ಎಸೆದು ಬಂದಳು. ಆಮೇಲೆ ಚಿಲಕ ಸರಿಯಿತು. ಅಕ್ಕ ಹೊರಗೆ ಬಂದು ಕೈಗಳನ್ನು ಟವೆಲಿನಲ್ಲಿ ಸುತ್ತಿಕೊಂಡಳು.

"ಎದ್ದಾಗ ದಿನಾ ಹೀಗೇನಾ ಅತ್ತಿಗೆ?"

"ಎದ್ದಾಗ ಎಲ್ರಿಗೂ ಸ್ವಲ್ಪ ಹೀಗೇ ಇರತ್ತಲ್ವಾ?"

"ಇಲ್ಲ."

"ನಿಂಗೆ ಇರಲ್ವಾ?"

"ಇಲ್ಲ ಅತ್ತಿಗೆ. ಯಾರಿಗೂ ಇರಲ್ಲ."

ಮರುದಿನ ಮಧ್ಯಾಹ್ನದ ಸರದಿಯೊಂದು ಸಿಕ್ಕಿತು. ತಮ್ಮನ ಹೆಂಡತಿ ಅರ್ಧ ದಿನ ರಜೆ ಹಾಕಿ ಬಂದು, ಅಕ್ಕನನ್ನು ಎಬ್ಬಿಸಿ, ಕೂದಲು ತಾನೇ ಬಾಚಿ, ಕರೆದುಕೊಂಡು ಹೋದಳು. ಡಾಕ್ಟರ ಕೋಣೆಯ ಬಾಗಿಲಿಗೆ ಗುಂಡು ಹಿಡಿ ಇತ್ತು. ಅಕ್ಕ ಎರಡೂ ಅಂಗೈ ಸೇರಿಸಿ ಅದನ್ನು ತಿರುಗಿಸಲು ಹೋಗಿ, ಬಿಟ್ಟು, ಪಕ್ಕಕ್ಕೆ ನಿಂತಳು. ತಮ್ಮನ ಹೆಂಡತಿ ತೆರೆದಳು. ಡಾಕ್ಟರು ಅದನ್ನು ನೋಡಿದರು.

"ಮುಷ್ಟಿ ಕಟ್ಟಿ," ಎಂದರು. ಬೆರಳುಗಳು ಅರ್ಧದಾರಿಗೆ ಬಂದು ನಿಂತವು.

"ಈಗ ಆಗಲ್ಲ ಡಾಕ್ಟ್ರೇ. ಬೆಳಿಗ್ಗೆ ಬಂದಿದ್ರೆ ಕಟ್ಟಿ ತೋರಿಸ್ತಿದ್ದೆ. ಈಗ ತಾನೇ ಎದ್ದು ಬಂದೆ."

"ಮಧ್ಯಾಹ್ನ ಸ್ವಲ್ಪ ಮಲಗಿದ್ರಾ?"

"ಸ್ವಲ್ಪ ಅಲ್ಲ, ಪೂರ್ತಿ ನಿದ್ದೆ. ಬೆಳಿಗ್ಗೆ ಬಂದು ಮಲಗಿದ್ರೆ ಏಳೋದೇ ಈಗ. ನಮ್ದು ರಾತ್ರಿ ಪಾಳಿ ಅಲ್ವಾ."

ಡಾಕ್ಟರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು.

"ಎದ್ದ ಮೇಲೆ ಎಷ್ಟು ಹೊತ್ತು ಬಿಗಿ ಇರತ್ತೆ?"

"ಕೆಲಸಕ್ಕೆ ಹೋಗೋ ತನಕ. ಹಿಟ್ಟಿಗೆ ಕೈ ಹಾಕಿದ್ಮೇಲೆ ಮೆಲ್ಲಗೆ ಬಿಡತ್ತೆ."

"ಅಂದ್ರೆ ಕೆಲಸ ಮಾಡಿದಷ್ಟೂ ಸುಲಭ ಆಗತ್ತೆ."

"ಹೌದು. ಬೆಳಗಾಗೋ ಹೊತ್ತಿಗೆ ಸರಿ ಇರತ್ತೆ. ಹೋದ್ಸಲ ಅದೇ ಹೇಳಿದ್ನಲ್ಲ."

"ಹೇಳಿದ್ರಿ," ಎಂದರು ಡಾಕ್ಟರು. "ನಾನು ಕೇಳಿದ್ದು ನೀವು ಎದ್ದಾಗಿನ ಮಾತು. ನೀವು ಹೇಳಿದ್ದು ಸೂರ್ಯ ಎದ್ದಾಗಿನ ಮಾತು. ಯಾರ ಬೆಳಿಗ್ಗೆ ಅಂತ ನಾನು ಕೇಳಬೇಕಿತ್ತು."

ಅವರು ಅಕ್ಕನ ಬಲಗೈಯನ್ನು ಕೈಕುಲುಕುವಂತೆ ಹಿಡಿದು ಗೆಣ್ಣುಗಳನ್ನು ಎರಡೂ ಬದಿಯಿಂದ ಮೆಲ್ಲಗೆ ಅದುಮಿದರು. ಅವಳು ಉಸಿರು ಎಳೆದುಕೊಂಡಳು. ಎಡಗೈ. ಅದೂ ಹಾಗೇ. ಊತ ಮೆತ್ತಗೆ, ಬೆಚ್ಚಗೆ ಇತ್ತು, ಎರಡೂ ಕೈಯಲ್ಲಿ ಒಂದೇ ಸಾಲಿನ ಗೆಣ್ಣುಗಳಲ್ಲಿ. ಆಮೇಲೆ ಪಾದಗಳನ್ನು ಕೇಳಿದರು.

"ಪಾದಕ್ಕೇನಿಲ್ಲ," ಎಂದಳು ಅಕ್ಕ. "ಚಪ್ಪಲಿಗೆ ಕಲ್ಲು ಸೇರ್ಕೊಳತ್ತೆ, ಅಷ್ಟೇ."

"ಯಾವ ಚಪ್ಪಲಿಗೆ?"

"ಎಲ್ಲಾ ಚಪ್ಪಲಿಗೂ."

ತಮ್ಮನ ಹೆಂಡತಿಗೆ ನಗು ಬಂತು, ಡಾಕ್ಟರಿಗೆ ಬರಲಿಲ್ಲ.

"ನಿಮ್ಮ ಅಮ್ಮಂದು ಸವೆತ," ಎಂದರು ಅವರು. "ವಯಸ್ಸು, ತೂಕ, ದುಡಿಮೆ. ಎಲುಬಿನ ತುದಿಯ ಮೆತ್ತೆ ತೆಳ್ಳಗಾಗತ್ತೆ. ಅದು ಓಡಾಡಿದ್ರೆ ನೋಯತ್ತೆ, ಕೂತ್ರೆ ಇಳಿಯತ್ತೆ. ನಿಮ್ದು ಹಾಗಲ್ಲ, ಉರಿಯೂತ. ಮೈಯನ್ನ ಕಾಯಬೇಕಾದ ಶಕ್ತಿನೇ ಕೀಲಿನ ಒಳಪದರದ ಮೇಲೆ ಬಿದ್ದಿದೆ. ಬೇಲಿನೇ ಎದ್ದು ಹೊಲ ಮೇಯೋದು ಅಂತಾರಲ್ಲ. ಅದಕ್ಕೇ ಸುಸ್ತು, ಅದಕ್ಕೇ ಜ್ವರ ಬಂದ ಹಾಗಿರೋದು. ನಿದ್ದೆಯಲ್ಲಿ ಕೈ ಆಡದೆ ಊತ ಕಟ್ಕೊಳತ್ತೆ, ಆಡಿಸಿದ ಮೇಲೆ ಬಿಡತ್ತೆ. ರಕ್ತ ಪರೀಕ್ಷೆ ಮಾಡಿಸಿ ದೊಡ್ಡಾಸ್ಪತ್ರೆಯ ಕೀಲು ತಜ್ಞರ ಹತ್ರ ಕಳಿಸ್ತೀನಿ. ಇದರ ಹೆಸರು ರುಮಟಾಯ್ಡ್."

"ವಾತ ಅಲ್ವಾ?"

"ವಾತ ಅನ್ನೋದು ಒಂದು ಬೀದಿ ಹೆಸರಿದ್ದ ಹಾಗೆ. ಮನೆ ನಂಬರ್ ಬೇಕು."

ಅಕ್ಕ ಮಡಿಲಲ್ಲಿದ್ದ ಕೈಗಳನ್ನು ನೋಡಿದಳು. "ಜಡೆ ಹೆಣೆಯೋಕಾಗತ್ತಾ?"

"ಊತ ಇಳಿಸಬಹುದು. ಕಾಯಿಲೆ ಪೂರ್ತಿ ಹೋಗಲ್ಲ, ಹಿಡಿತದಲ್ಲಿ ಇಡಬಹುದು. ಆದ್ರೆ ಅದು ಆಗ್ಲೇ ಎಲುಬು ಕೊರೆದಿದ್ರೆ ಅಷ್ಟು ಮಾತ್ರ ವಾಪಸ್ ಬರಲ್ಲ."

"ಹೋದ್ಸಲವೇ ಗೊತ್ತಾಗಿದ್ರೆ?"

"ಇನ್ನೂ ಒಳ್ಳೇದಿತ್ತು," ಎಂದರು ಡಾಕ್ಟರು.

ಕೊರೆದಿತ್ತು. ದೊಡ್ಡಾಸ್ಪತ್ರೆಯ ಎಕ್ಸ್‌ರೇಯಲ್ಲಿ ಬಲಗೈ ಉಂಗುರ ಬೆರಳಿನ ಬುಡದ ಅಂಚಿನಲ್ಲಿ, ಬ್ರೆಡ್ಡಿನ ಮೂಲೆಯನ್ನು ಇಲಿ ಕಚ್ಚಿದಷ್ಟು ಸಣ್ಣ ಕಚ್ಚು. ಬೇರೆಲ್ಲೂ ಇರಲಿಲ್ಲ. ತಜ್ಞರು ಕೊಟ್ಟ ಮುಖ್ಯ ಮಾತ್ರೆ ನೋವಿನದಲ್ಲ, ಆ ಬೇಲಿಯನ್ನೇ ತಗ್ಗಿಸುವುದು. ವಾರಕ್ಕೆ ಒಂದೇ ಸಲ, ಅಪ್ಪಿತಪ್ಪಿಯೂ ದಿನಾ ನುಂಗುವಂತಿಲ್ಲ. ಲಿವರು, ರಕ್ತ ಹೇಗಿದೆ ಎಂದು ಆಗಾಗ ಪರೀಕ್ಷೆ ಮಾಡಿಸಬೇಕು. ಗುಣ ಕಾಣಲು ವಾರಗಳೇ ಹಿಡಿಯುತ್ತವೆ, ಅಲ್ಲಿಯ ತನಕ ಊತ ತಡೆಯಲು ಬೇರೆ ಮಾತ್ರೆ ಸ್ವಲ್ಪ ದಿನ. ಕೈಗಳಿಗೆ ಬಿಡುವಲ್ಲ, ದಿನವೂ ಬಿಸಿನೀರು ಮತ್ತು ಬೆರಳಿನ ವ್ಯಾಯಾಮ.

"ಸೋಮವಾರಕ್ಕೊಂದು," ಎಂದು ಅಕ್ಕ ಮನೆಯಲ್ಲಿ ಹೇಳಿದಳು.

"ಯಾವ ಸೋಮವಾರ?" ಎಂದಳು ತಮ್ಮನ ಹೆಂಡತಿ ತಕ್ಷಣ. "ನೀವು ಸೋಮವಾರ ಕೆಲಸಕ್ಕೆ ಹೋಗಿ ಮಂಗಳವಾರ ಬರ್ತೀರ, ಅದನ್ನೂ ಸೋಮವಾರ ಅಂತೀರ. ಎರಡು ಸಲ ನುಂಗಿಬಿಟ್ರೆ? ಮಾತ್ರೆ ನನ್ನ ಹತ್ರ ಇರ್ಲಿ. ಟಿಕೆಟ್ ಕಿಟಕಿಯವರಿಗೆ ಒಂದೇ ಸೋಮವಾರ."

ಅಮ್ಮನಿಗೆ ಬೇಸರವಾಯಿತು. "ನಂಗ್ಯಾಕೆ ಆ ಮಾತ್ರೆ ಕೊಡ್ಲಿಲ್ಲ ಹಾಗಾದ್ರೆ?"

"ನಿಂದು ಬೇರೆ ಅಮ್ಮ. ಸವೆತಕ್ಕೆ ಅದು ಕೆಲಸ ಮಾಡಲ್ಲ."

"ಇಷ್ಟು ವರ್ಷ ನಂದೇ ದೊಡ್ಡದು ಅಂದ್ಕೊಂಡಿದ್ದೆ," ಎಂದು ಅಮ್ಮ ಕಾಲೆತ್ತಿದಳು. ಮಂಡಿ ಕರಕರ ಎಂದಿತು.

ಮಾತ್ರೆ ಹಿಡಿಯುವ ತನಕ ಅಕ್ಕ ಕೌಂಟರಿನಲ್ಲಿ ಕೂತಳು. ಯಜಮಾನ ಬೇರೆ ಊರಿಂದ ಒಬ್ಬನನ್ನು ಕರೆಸಿದ; ಅವನ ಜಡೆ ನೋಡಲು ಚೆನ್ನಾಗಿತ್ತು, ಕೊಯ್ದರೆ ಒಳಗೆ ಹಸಿ. ಅಕ್ಕ ಅದನ್ನು ಕವರಿಗೆ ಹಾಕಿ ಕೊಡುತ್ತಿದ್ದಳು. ಹಗಲಿನ ಕೆಲಸದಿಂದ ಅವಳಿಗೆ ಹೊಸದೊಂದು ತಿಳಿಯಿತು: ಬಿಗಿ ಈಗ ಎಲ್ಲರ ಬೆಳಿಗ್ಗೆಯೇ ಬರುತ್ತಿತ್ತು. ಮೊದಮೊದಲು ಮಧ್ಯಾಹ್ನದ ಊಟದ ತನಕ. ಆಮೇಲೆ ಮೊದಲ ಗಿರಾಕಿಗಳ ಗದ್ದಲ ಮುಗಿಯುವ ತನಕ. ಒಂದು ದಿನ ಚಪ್ಪಲಿ ಮೆಟ್ಟಿ ಬೇಕರಿ ತಲುಪಿದ ಮೇಲೆ ಅವಳಿಗೆ ಕಲ್ಲಿನ ನೆನಪಾಯಿತು. ಕಲ್ಲು ಇರಲಿಲ್ಲ. ಉಂಗುರ ಬೆರಳು ಮಾತ್ರ ಪೂರ್ತಿ ಮಡಿಚುತ್ತಿರಲಿಲ್ಲ, ಮಡಿಚುವುದೂ ಇಲ್ಲ ಎಂದು ತಜ್ಞರು ಹೇಳಿದ್ದರು.

ಹೊಸಬ ಕೆಲಸ ಬಿಟ್ಟುಹೋದ ದಿನ ಯಜಮಾನನ ಹೆಬ್ಬೆರಳು ಊದಿಕೊಂಡಿತ್ತು. ಅಕ್ಕ ತಮ್ಮನ ಜೊತೆ ಮೆಟ್ಟಿಲು ಹತ್ತಿ ಯಜಮಾನನ ಮನೆಗೆ ಹೋದಳು. ಅವನು ಕಾಲನ್ನು ದಿಂಬಿನ ಮೇಲಿಟ್ಟು, ಫ್ಯಾನಿನ ಗಾಳಿ ತಾಗಿದರೂ ನೋಯುತ್ತದೆಂದು ಅದನ್ನೂ ಆರಿಸಿ ಕೂತಿದ್ದ.

"ಜಡೆ ನಾನು ಮಾಡ್ತೀನಿ," ಎಂದಳು. "ಆದ್ರೆ ಮೊದಲಲ್ಲ, ಕೊನೇಲಿ. ಬೇರೆ ಬ್ರೆಡ್ಡೆಲ್ಲ ಆದ್ಮೇಲೆ."

"ಜಡೆ ಯಾವಾಗ್ಲೂ ಮೊದಲು. ನಮ್ಮಪ್ಪನ ಕಾಲದಿಂದ."

"ನಿಮ್ಮಪ್ಪಂಗೆ ಕೈ ಚೆನ್ನಾಗಿತ್ತು."

"ಉಬ್ಬೋಕೆ ಹೊತ್ತು ಬೇಡ್ವಾ?"

"ಭಟ್ಟಿ ಪಕ್ಕ ಇಟ್ರೆ ಬೇಗ ಉಬ್ಬತ್ತೆ," ಎಂದ ತಮ್ಮ. "ಅಲ್ಲಿ ಬೆಚ್ಚಗಿರತ್ತೆ. ನಾನು ನೋಡ್ಕೋತೀನಿ."

"ಹೋಟೆಲಿಗೆ ತಡ ಆಗತ್ತೆ."

"ಬಿಸಿಬಿಸಿ ಹೋಗತ್ತೆ," ಎಂದಳು ಅಕ್ಕ. "ತಣ್ಣಗಿರೋದು ಮುಂಚೆ ಬರೋದು ಬೇಕಾ, ಬಿಸಿ ಇರೋದು ಆಮೇಲೆ ಬರೋದು ಬೇಕಾ, ಅವರನ್ನೇ ಕೇಳಿ."

ಯಜಮಾನ ಕಾಲು ಸ್ವಲ್ಪ ಸರಿಸಲು ಹೋಗಿ ಕಣ್ಣು ಮುಚ್ಚಿದ. ಹರಳಿನ ಸುದ್ದಿ ಅವನು ಎತ್ತಲಿಲ್ಲ. "ಒಂದು ವಾರ," ಎಂದ.

ಅಕ್ಕ ಮತ್ತೆ ಉದ್ದ ಮೇಜಿಗೆ ಬಂದಳು. ಮೊದಲು ಉಂಡೆಗಳು, ಉದ್ದದವು, ಅಚ್ಚಿನವು. ಕೈ ಬೆಚ್ಚಗಾಗುವ ತನಕ ಯಾರು ಬೇಕಾದರೂ ಮಾಡಬಹುದಾದದ್ದು. ಕಿಟಕಿಯ ಗಾಜು ಬೂದಿಬಣ್ಣಕ್ಕೆ ತಿರುಗುವಾಗ ಜಡೆಯ ಹಿಟ್ಟನ್ನು ಎಳೆದುಕೊಂಡಳು. ಆರು ಎಳೆ ಹೊಸೆದಳು. ದಾಟಿಸತೊಡಗಿದಾಗ ಐದನೆಯ ಎಳೆ ಉಂಗುರ ಬೆರಳಿಗೆ ಬಂದು, ಆ ಬೆರಳು ಮಡಿಚದೆ, ಜಾರಿ ಬಿತ್ತು. ಅವಳು ಬಿಚ್ಚಿ ಮತ್ತೆ ಶುರುಮಾಡಿದಳು. ಈ ಸಲ ಆ ಎಳೆಯನ್ನು ನಡುಬೆರಳಿಗೆ ಕೊಟ್ಟಳು. ಹೆಣಿಗೆ ನಿಂತಿತು, ಬಿಗಿಯೂ ಬಂತು, ಆದರೆ ಜಡೆ ಒಂದು ಬದಿಗೆ ಚೂರು ವಾಲಿತು, ತಲೆ ಓರೆ ಮಾಡಿ ಕೂತವರ ಜಡೆಯ ಹಾಗೆ. ಮುಂದಿನದೂ ಹಾಗೇ ವಾಲಿತು. ಅದರ ಮುಂದಿನದೂ.

ವಾರದ ಕೊನೆಗೆ ಯಜಮಾನ ಕುಂಟುತ್ತಾ ಬಂದು ಟ್ರೇಯ ಮುಂದೆ ನಿಂತ. ಒಂದನ್ನು ಎತ್ತಿ ತಿರುಗಿಸಿದ, ಮುರಿದು ಒಳಗೆ ನೋಡಿದ, ತಿಂದ.

"ಸೊಟ್ಟ ಇದೆ," ಎಂದ.

"ಇದೆ," ಎಂದಳು ಅಕ್ಕ. "ಇನ್ಮೇಲೆ ಹೀಗೇ."

ಅವನು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡು ಅಗಿದ. ಹೊರಗೆ ಹೋಟೆಲಿನ ವ್ಯಾನು ಬಂದು ನಿಂತ ಸದ್ದಾಯಿತು. "ಎಲ್ಲಾ ಒಂದೇ ಕಡೆಗೆ ವಾಲಿದ್ಯಲ್ಲ, ಬೇಕಂತಲೇ ಮಾಡಿದ್ದು ಅಂದ್ಕೋತಾರೆ," ಎಂದು ಟ್ರೇಯನ್ನು ಬಾಗಿಲಿನತ್ತ ತಳ್ಳಿದ.

ಬಿಸಿಲು ಮೇಜಿನ ಕಾಲಿನವರೆಗೆ ಬಂದಿತ್ತು. ಭಟ್ಟಿಯ ಬಾಯಿಯ ಬಳಿಯಿಂದ ತಮ್ಮ ಕೂಗಿದ.

"ಬೆಳಗಾಯ್ತಾ ಅಕ್ಕಾ?"

"ಇಲ್ಲ ಕಣೋ," ಎಂದಳು ಅವಳು, ನಡುಬೆರಳಿಗೆ ಎಳೆ ಸಿಕ್ಕಿ‌ಸುತ್ತಾ. "ಇನ್ನೊಂದು ಜಡೆ ಇದೆ."